ಟ್ಯಾಗ್ ಉತ್ತರಿಸುತ್ತಿಲ್ಲ: ಹೋಗುವ ದಾರಿ ಕೆಟ್ಟಿದೆಯೋ, ಬರುವ ದಾರಿಯೋ?

ಆರ್‌ಎಫ್‌ಐಡಿ ಟ್ಯಾಗ್ ಎಂದರೆ ರೀಡರ್ ಎಂಬ ಉಪಕರಣ ರೇಡಿಯೊ ಅಲೆಯಿಂದ ಕರೆದಾಗ ತನ್ನ ಸಂಖ್ಯೆ ಹೇಳುವ, ಚಿಪ್ ಇರುವ ಲೇಬಲ್. ಬ್ಯಾಟರಿಯಿಲ್ಲದ್ದು ಏಳಲು ಬೇಕಾದ ಶಕ್ತಿಯನ್ನೂ ಆ ಅಲೆಯಿಂದಲೇ ಪಡೆಯುತ್ತದೆ. ಅಂಥ ಟ್ಯಾಗ್ ಸುಮ್ಮನಾದರೆ ಹೆಚ್ಚಿನವರು ಅದನ್ನು ಕಿತ್ತು ಹೊಸದನ್ನು ಅಂಟಿಸುತ್ತಾರೆ. ಬ್ಯಾಟರಿ ಇರುವ ಟ್ಯಾಗ್ ಆದರೆ ಬ್ಯಾಟರಿ ಬದಲಿಸುತ್ತಾರೆ. ಎರಡೂ ಕೆಲವೊಮ್ಮೆ ಫಲ ಕೊಡುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ. ಹೊಸ ಟ್ಯಾಗ್ ಅಂಟಿಸುವಾಗ ಜಾಗ ಎರಡು ಬೆರಳಷ್ಟು ಆಚೀಚೆ ಆಗಿರುತ್ತದೆ, ಪಕ್ಕದ ಪೆಟ್ಟಿಗೆ ಸರಿದಿರುತ್ತದೆ, ಓದುವಿಕೆ ಮರಳುತ್ತದೆ. ಕಾರಣ ಮಾತ್ರ ಇದ್ದಲ್ಲೇ ಇದ್ದು ಮತ್ತೊಂದು ದಿನ ತಲೆಯೆತ್ತುತ್ತದೆ.

ಆದ್ದರಿಂದ ಏನನ್ನೂ ಬದಲಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಟ್ಯಾಗ್‌ಗೆ ಏಳುವಷ್ಟು ಶಕ್ತಿಯೇ ತಲುಪಲಿಲ್ಲವೋ, ಅಥವಾ ಅದು ಎದ್ದು ಉತ್ತರಿಸಿದರೂ ರೀಡರ್‌ಗೆ ಕೇಳಿಸಲಿಲ್ಲವೋ? ಮೊದಲನೆಯದನ್ನು ಹೋಗುವ ದಾರಿಯ ದೋಷ, ಎರಡನೆಯದನ್ನು ಬರುವ ದಾರಿಯ ದೋಷ ಎಂದು ಕರೆಯೋಣ. ಇವೆರಡರ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಣವೂ ಹೊತ್ತೂ ಹೋಗುತ್ತವೆ.

ಲೆಕ್ಕ ಹಾಕಿಯೇ ಹೊರಡಿ

866 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ರೀಡರ್ ಆಂಟೆನಾ ಸೇರಿ 4 ವ್ಯಾಟ್, ಅಂದರೆ 36 ಡಿಬಿಎಂ ಹೊರಸೂಸುತ್ತದೆ ಎಂದುಕೊಳ್ಳಿ. (ಡಿಬಿ ಎಂದರೆ ಬಲ ಎಷ್ಟು ಪಟ್ಟು ಏರಿತು ಅಥವಾ ಇಳಿಯಿತು ಎಂಬ ಅಳತೆ, ಡಿಬಿಎಂ ಎಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಶಕ್ತಿ.) ಟ್ಯಾಗ್ 10 ಮೀಟರ್ ದೂರದಲ್ಲಿದೆ. ತೆರೆದ ಜಾಗದಲ್ಲಿ ಅಷ್ಟು ದೂರಕ್ಕೆ ಸುಮಾರು 51 ಡಿಬಿ ಕಳೆಯುತ್ತದೆ. ಧ್ರುವೀಕರಣ ಎಂದರೆ ಅಲೆಯ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕು; ವೃತ್ತಾಕಾರ ಧ್ರುವೀಕರಣದ ಆಂಟೆನಾದಿಂದ ನೇರ ಧ್ರುವೀಕರಣದ ಟ್ಯಾಗ್‌ಗೆ ಬರುವಾಗ ಇನ್ನೂ 3 ಡಿಬಿ ಹೋಗುತ್ತದೆ. ಟ್ಯಾಗ್‌ನ ಆಂಟೆನಾ 2 ಡಿಬಿ ಕೂಡಿಸುತ್ತದೆ. ಕೊನೆಗೆ ಚಿಪ್‌ಗೆ ಸಿಗುವುದು ಮೈನಸ್ 16 ಡಿಬಿಎಂ. ಚಿಪ್ ಏಳಲು ಮೈನಸ್ 20 ಸಾಕೆಂದರೆ ಕೈಯಲ್ಲಿ ಉಳಿದದ್ದು ಬರೀ 4 ಡಿಬಿ.

ಈಗ ಉತ್ತರದ ಲೆಕ್ಕ. ಟ್ಯಾಗ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಬಂದ ಅಲೆಯನ್ನೇ ಹೆಚ್ಚುಕಡಿಮೆ ಪ್ರತಿಫಲಿಸಿ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಈ ಕ್ರಿಯೆಯಲ್ಲಿ ಸುಮಾರು 6 ಡಿಬಿ, ವಾಪಸು ದಾರಿಯಲ್ಲಿ ಮತ್ತೆ 51 ಮತ್ತು 3 ಡಿಬಿ ಕಳೆದು, ಎರಡೂ ಆಂಟೆನಾಗಳ ಲಾಭ (ಟ್ಯಾಗ್‌ನದು 2, ರೀಡರ್‌ನದು 6 ಡಿಬಿ) ಕೂಡಿಸಿದರೆ ರೀಡರ್‌ಗೆ ಮೈನಸ್ 68 ಡಿಬಿಎಂ ಆಸುಪಾಸು ಮರಳುತ್ತದೆ. ರೀಡರ್ ಮೈನಸ್ 85ರವರೆಗೆ ಕೇಳಿಸಿಕೊಳ್ಳಬಲ್ಲದಾದರೆ ಬರುವ ದಾರಿಯಲ್ಲಿ 17 ಡಿಬಿ ಉಳಿಕೆಯಿದೆ.

ಅಂದರೆ ಬ್ಯಾಟರಿಯಿಲ್ಲದ ಟ್ಯಾಗ್ ಸಾಮಾನ್ಯವಾಗಿ ಸೋಲುವುದು ಹೋಗುವ ದಾರಿಯಲ್ಲಿ. ಬ್ಯಾಟರಿ ನೆರವಿನ ಟ್ಯಾಗ್‌ನ ಸ್ಥಿತಿ ಇದಕ್ಕೆ ತಿರುವುಮುರುವು. ಅದರ ಚಿಪ್ ಮೈನಸ್ 35ಕ್ಕೇ ಸ್ಪಂದಿಸುತ್ತದೆ ಎಂದಿಟ್ಟುಕೊಂಡರೆ ಹೋಗುವ ದಾರಿ 90 ಮೀಟರ್‌ವರೆಗೂ ಎಳೆಯುತ್ತದೆ. ಆದರೆ ಅದೂ ಪ್ರತಿಫಲಿಸಿಯೇ ಉತ್ತರಿಸಬೇಕು. ಪ್ರತಿಫಲನದ ಬಲ ದೂರ ಇಮ್ಮಡಿಯಾದಾಗಲೆಲ್ಲ 12 ಡಿಬಿ ಕುಸಿಯುತ್ತದೆ, ಹೀಗಾಗಿ ಸುಮಾರು 26 ಮೀಟರ್‌ಗೇ ರೀಡರ್‌ನ ಕಿವಿ ಕೈಕೊಡುತ್ತದೆ. ಬ್ಯಾಟರಿ ಇದೆಯೆಂದ ಮಾತ್ರಕ್ಕೆ ಟ್ಯಾಗ್ ಜೋರಾಗಿ ಮಾತಾಡುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೆಯ ಬ್ಯಾಟರಿಗಳು ಕಸದ ಬುಟ್ಟಿ ಸೇರುತ್ತಿವೆ.

ಯಾವ ದಾರಿ ಎಂದು ತಿಳಿಯುವ ಬಗೆ

ರೀಡರ್‌ನ ದಾಖಲೆಯಲ್ಲಿ ಪ್ರತಿ ಓದುವಿಕೆಯ ಜೊತೆಗೆ ಆರ್‌ಎಸ್‌ಎಸ್‌ಐ, ಅಂದರೆ ಮರಳಿ ಬಂದ ಅಲೆಯ ಬಲ, ಇರುತ್ತದೆ. ಟ್ಯಾಗ್ ಮಾಯವಾಗುವ ಸ್ವಲ್ಪ ಮುಂಚಿನ ಅಂಕಿಗಳನ್ನು ನೋಡಿ. ಮೈನಸ್ 65ರ ಸುತ್ತ ಚೆನ್ನಾಗಿದ್ದು ತಟ್ಟನೆ ನಿಂತಿದ್ದರೆ ಚಿಪ್‌ಗೆ ಶಕ್ತಿ ಸಾಲಲಿಲ್ಲ, ಹೋಗುವ ದಾರಿ ಕೆಟ್ಟಿದೆ. ಅಂಕಿ ಇಳಿಯುತ್ತ ಇಳಿಯುತ್ತ ರೀಡರ್‌ನ ಮಿತಿಯ ಹತ್ತಿರ ಬಂದು, ನಡುನಡುವೆ ತಪ್ಪಿ, ಆಮೇಲೆ ನಿಂತಿದ್ದರೆ ಬರುವ ದಾರಿ ಕೆಟ್ಟಿದೆ. ದಾಖಲೆಯನ್ನು ಹೀಗೆ ಓದಲು ಯಾವ ಉಪಕರಣವೂ ಬೇಕಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ಎರಡನೆಯ ಪರೀಕ್ಷೆ ಇನ್ನೂ ಗಟ್ಟಿ. ಟ್ಯಾಗನ್ನು ಆಂಟೆನಾದಿಂದ 1 ಮೀಟರ್ ದೂರದಲ್ಲಿ ಕದಲದಂತೆ ಇಡಿ. ರೀಡರ್‌ನ ಶಕ್ತಿಯನ್ನು ಅದರ ಕನಿಷ್ಠ ಮಟ್ಟದಿಂದ ಶುರುಮಾಡಿ ಒಂದೊಂದೇ ಡಿಬಿ ಏರಿಸುತ್ತ ಬನ್ನಿ. ಟ್ಯಾಗ್ ಮೊದಲ ಬಾರಿ ಸ್ಥಿರವಾಗಿ ಉತ್ತರಿಸಿದ ಮಟ್ಟವನ್ನು ಬರೆದಿಡಿ, ಅದೇ ಅದರ ಹೊಸ್ತಿಲು. ಅದೇ ತಯಾರಿಕೆಯ, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಟ್ಯಾಗ್‌ನ ಹೊಸ್ತಿಲನ್ನೂ ಅದೇ ಜಾಗದಲ್ಲಿ ಅಳೆಯಿರಿ. ಎರಡೂ ಒಂದೆರಡು ಡಿಬಿ ಅಂತರದಲ್ಲಿದ್ದರೆ ನಿಮ್ಮ ಟ್ಯಾಗ್ ನಿರಪರಾಧಿ. ಇನ್ನು ಅದನ್ನು ವಸ್ತುವಿನ ಮೇಲೆ ಅಂಟಿಸಿ ಅಳೆದಾಗ ಹೊಸ್ತಿಲು 8 ಡಿಬಿ ಏರಿದರೆ ದೋಷ ಆ ವಸ್ತುವಿನದು. ನನ್ನ ಮಟ್ಟಿಗೆ, ಕೆಲಸದ ಜಾಗದಲ್ಲಿ ಹೊಸ್ತಿಲಿಗೂ ರೀಡರ್‌ನ ಗರಿಷ್ಠ ಶಕ್ತಿಗೂ ನಡುವೆ 6 ಡಿಬಿ ಇಲ್ಲದ ಅಳವಡಿಕೆಯನ್ನು ಮುಗಿದ ಕೆಲಸ ಎನ್ನಬಾರದು. ಒಬ್ಬರು ಅಡ್ಡ ನಿಂತರೂ ಅದು ಬಿದ್ದುಹೋಗುತ್ತದೆ.

ಹೋಗುವ ದಾರಿ ಕೆಟ್ಟಿದ್ದರೆ

ಕೇಬಲ್‌ನಿಂದ ಶುರುಮಾಡಿ. ಆರ್‌ಜಿ58 ಬಗೆಯ ತೆಳು ಕೇಬಲ್ ಈ ಕಂಪನಾಂಕದಲ್ಲಿ ಮೀಟರಿಗೆ ಸುಮಾರು ಅರ್ಧ ಡಿಬಿ ತಿನ್ನುತ್ತದೆ. 10 ಮೀಟರ್ ಎಳೆದರೆ 5 ಡಿಬಿ ಹೋಯಿತು, 10 ಮೀಟರ್ ಓದುತ್ತಿದ್ದ ಟ್ಯಾಗ್ 5.6 ಮೀಟರ್‌ಗೆ ಇಳಿಯಿತು. ಕನೆಕ್ಟರ್‌ನೊಳಗೆ ತೇವ ಸೇರಿದ್ದರೆ ನಷ್ಟ ಇನ್ನೂ ಹೆಚ್ಚು, ಅದೂ ಮಳೆ ಬಂದಾಗ ಒಂದು, ಬಿಸಿಲಿಗೆ ಇನ್ನೊಂದು. ಒಂದೇ ಆಂಟೆನಾದ ಎಲ್ಲ ಟ್ಯಾಗ್‌ಗಳೂ ಒಟ್ಟಿಗೆ ಸೊರಗಿದ್ದರೆ ಟ್ಯಾಗ್‌ಗಳನ್ನು ಮುಟ್ಟಲೇಬೇಡಿ. ಕೇಬಲ್‌ಗಳನ್ನು ಅದಲುಬದಲು ಮಾಡಿ. ದೋಷ ಕೇಬಲ್ ಹಿಂದೆಯೇ ಹೋದರೆ ಕಳ್ಳ ಸಿಕ್ಕಂತೆ.

ಒಂದೇ ಟ್ಯಾಗ್ ಸೊರಗಿದ್ದರೆ ಅದು ಅಂಟಿರುವ ವಸ್ತುವನ್ನು ನೋಡಿ. ಲೋಹದ ಮೈಗೆ ಸಮಾನಾಂತರವಾದ ವಿದ್ಯುತ್ ಕ್ಷೇತ್ರ ಆ ಮೈಯ ಮೇಲೆ ಸೊನ್ನೆಯಾಗುತ್ತದೆ. ಹೀಗಾಗಿ ಸಾಮಾನ್ಯ ಕಾಗದದ ಟ್ಯಾಗ್ ಲೋಹದ ಮೇಲೆ ಕುರುಡು. ಲೋಹಕ್ಕೆಂದೇ ಮಾಡಿದ ಟ್ಯಾಗ್ ಬೇಕು, ಇಲ್ಲವೇ ನಡುವೆ ಅಂತರ ಕೊಡುವ ಪದರ ಬೇಕು. ನೀರು ಎರಡು ರೀತಿಯಲ್ಲಿ ಕಾಡುತ್ತದೆ: ಅಲೆಯನ್ನು ಹೀರುತ್ತದೆ, ಆಂಟೆನಾದ ಶ್ರುತಿಯನ್ನೂ, ಅಂದರೆ ಅದು ಚೆನ್ನಾಗಿ ಸ್ಪಂದಿಸುವ ಕಂಪನಾಂಕವನ್ನೂ, ಕೆಳಕ್ಕೆ ಎಳೆಯುತ್ತದೆ. ಖಾಲಿ ಡಬ್ಬ ಓದಿ ತುಂಬಿದ ಡಬ್ಬ ಓದದಿದ್ದರೆ ಟ್ಯಾಗನ್ನು ದ್ರವದ ಮಟ್ಟಕ್ಕಿಂತ ಮೇಲೆ, ಮುಚ್ಚಳದ ಹತ್ತಿರ ಅಂಟಿಸಿ ನೋಡಿ. ಟ್ಯಾಗ್‌ಗಳು ಒಂದರ ಮೇಲೊಂದು ಒತ್ತಿ ಕುಳಿತಾಗಲೂ ಪರಸ್ಪರ ಶ್ರುತಿ ಕೆಡಿಸುತ್ತವೆ. ನಡುವಿನ ಅಂತರ ಒಂದೆರಡು ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಒಳಗಿನವು ಕಾಣೆಯಾಗುತ್ತವೆ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದೇ ಇಲ್ಲ. ನೇರವಾಗಿ ಬಂದ ಅಲೆ ಮತ್ತು ಗೋಡೆಗೋ ನೆಲಕ್ಕೋ ತಾಗಿ ಬಂದ ಅಲೆ ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. 866 ಮೆಗಾಹರ್ಟ್ಸ್‌ನ ತರಂಗದೂರ 34.6 ಸೆಂಟಿಮೀಟರ್, ಅದರ ಕಾಲುಭಾಗ 8.6 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಅಂಗೈಯಗಲ. ಹೀಗಾಗಿ ಸತ್ತ ಜಾಗದಲ್ಲಿರುವ ಟ್ಯಾಗನ್ನು ಅಂಗೈಯಗಲ ಸರಿಸಿದರೆ ಸಾಕು, ಅದು ಪೂರ್ತಿ ಬಲದ ಜಾಗಕ್ಕೆ ಬರಬಹುದು. ಟ್ಯಾಗ್ ಬದಲಿಸಿದಾಗ ‘ಸರಿಹೋಗುವ’ ದೋಷಗಳಲ್ಲಿ ಹಲವು ಇವೇ. ಪರೀಕ್ಷೆ ಸುಲಭ: ಟ್ಯಾಗನ್ನು ಅಂಟಿಸದೆ ಒಣ ಥರ್ಮೋಕೋಲ್ ತುಂಡೊಂದರ ಮೇಲಿಟ್ಟು ಕೈಯಲ್ಲಿ ಹಿಡಿದು, ಆ ಜಾಗದ ಸುತ್ತ ಎಲ್ಲ ದಿಕ್ಕಿಗೂ ಅಂಗೈಯಗಲ ಸರಿಸಿ ಆರ್‌ಎಸ್‌ಎಸ್‌ಐ ಗಮನಿಸಿ. ಅಂಕಿ ಏರಿಳಿದರೆ ಜಾಗದ ದೋಷ. ಪರಿಹಾರ ಎರಡನೆಯ ಆಂಟೆನಾವನ್ನು ಬೇರೆ ಕೋನದಿಂದ ಇಡುವುದು. ಶಕ್ತಿ ಏರಿಸಿದರೆ ಸತ್ತ ಜಾಗ ಸ್ವಲ್ಪ ಕಿರಿದಾಗಬಹುದು, ಅಳಿಯುವುದಿಲ್ಲ.

ದಿಕ್ಕನ್ನೂ ಮರೆಯಬೇಡಿ. ಟ್ಯಾಗ್‌ನ ಉದ್ದನೆಯ ತುದಿ ನೇರವಾಗಿ ಆಂಟೆನಾ ಕಡೆ ಮುಖಮಾಡಿದ್ದರೆ ಅದಕ್ಕೆ ಏನೂ ತಲುಪುವುದಿಲ್ಲ. ಅಮೆರಿಕದ 902–928 ಮೆಗಾಹರ್ಟ್ಸ್‌ಗೆ ಶ್ರುತಿಮಾಡಿದ ಟ್ಯಾಗನ್ನು 865–868ರ ಪಟ್ಟಿಯಲ್ಲಿ ಬಳಸಿದರೂ ಕೆಲವು ಡಿಬಿ ಸುಮ್ಮನೆ ಸೋರಿಹೋಗುತ್ತದೆ.

ಓದುತ್ತದೆ, ಆದರೆ ಬರೆಯಲಾಗುತ್ತಿಲ್ಲ ಎಂಬ ದೂರೂ ಬಹುಪಾಲು ಇದೇ ದಾರಿಯದು. ಚಿಪ್‌ನ ಸ್ಮೃತಿಗೆ ಬರೆಯಲು ಓದುವುದಕ್ಕಿಂತ ಹೆಚ್ಚು ಶಕ್ತಿ ಬೇಕು. ಈ ಟ್ಯಾಗ್‌ಗಳು ಪಾಲಿಸುವ ಜೆನ್2 ಮಾನದಂಡದಲ್ಲಿ ಟ್ಯಾಗ್ ಕೊಡುವ ದೋಷಸಂಕೇತವನ್ನು ನೋಡಿ: 0ಬಿ ಎಂದರೆ ಶಕ್ತಿ ಸಾಲದು, ಹತ್ತಿರ ತನ್ನಿ. 04 ಎಂದರೆ ಆ ಭಾಗಕ್ಕೆ ಬೀಗ ಬಿದ್ದಿದೆ, ಎಷ್ಟು ಹತ್ತಿರ ತಂದರೂ ಪ್ರಯೋಜನವಿಲ್ಲ. ಎಲ್ಲ ಚಿಪ್‌ಗಳೂ ಇಷ್ಟು ವಿವರ ಕೊಡುವುದಿಲ್ಲ, ಕೆಲವು 0ಎಫ್ ಎಂಬ ಒಂದೇ ಸಂಕೇತದಲ್ಲಿ ಮುಗಿಸುತ್ತವೆ.

ದೋಷದಂತೆ ಕಾಣುವ ಸರಿಯಾದ ನಡವಳಿಕೆ

ಟ್ಯಾಗ್ ಒಮ್ಮೆ ಓದಿತು, ಆಮೇಲೆ ಅಲ್ಲೇ ಇದ್ದರೂ ಮೌನ. ದೂರ ಒಯ್ದು ಸ್ವಲ್ಪ ಹೊತ್ತು ಬಿಟ್ಟು ತಂದರೆ ಮತ್ತೆ ಒಮ್ಮೆ ಓದುತ್ತದೆ. ಇದು ಸೆಷನ್‌ನ, ಅಂದರೆ ಎಣಿಕೆಯಾದ ಟ್ಯಾಗ್ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ರೀಡರ್ ಹೊಂದಿಕೆಯ, ಕೆಲಸ. ಎಣಿಕೆಯಾದ ಟ್ಯಾಗ್ ತನ್ನ ಗುರುತನ್ನು ಎ ಯಿಂದ ಬಿ ಗೆ ತಿರುಗಿಸಿಕೊಂಡು, ಎ ಗುರುತಿನವರನ್ನು ಕರೆಯುವ ರೀಡರ್‌ಗೆ ಉತ್ತರಿಸದೆ ಕುಳಿತಿರುತ್ತದೆ. ಸೆಷನ್ 0ರಲ್ಲಿ ಶಕ್ತಿ ಹೋದೊಡನೆ ಗುರುತು ಅಳಿಯುತ್ತದೆ. ಸೆಷನ್ 1ರಲ್ಲಿ ಅರ್ಧ ಸೆಕೆಂಡಿನಿಂದ 5 ಸೆಕೆಂಡಿನೊಳಗೆ ತಾನಾಗಿ ಮರಳುತ್ತದೆ. ಸೆಷನ್ 2 ಮತ್ತು 3ರಲ್ಲಿ ಶಕ್ತಿ ಇರುವವರೆಗೂ ಉಳಿಯುತ್ತದೆ, ಹೋದ ಮೇಲೂ 2 ಸೆಕೆಂಡಿಗಿಂತ ಹೆಚ್ಚು ನಿಲ್ಲುತ್ತದೆ. ಸೆಷನ್ 0ಕ್ಕೆ ಬದಲಿಸಿದಾಗ ಟ್ಯಾಗ್ ಬಿಡದೆ ಓದಿದರೆ ದೋಷವೇ ಇಲ್ಲ, ಹೊಂದಿಕೆ ಮಾತ್ರ ಬೇರೆ ಬೇಕಿತ್ತು.

ಸಂಖ್ಯೆ ಸರಿ, ಅಳತೆ ತಪ್ಪು

ಬ್ಯಾಟರಿಯಿಲ್ಲದ ಸಂವೇದಕ ಟ್ಯಾಗ್‌ಗಳು ತಮ್ಮ ಸಂಖ್ಯೆಯನ್ನು ಹೇಳಲು ಬೇಕಾದುದಕ್ಕಿಂತ ಹೆಚ್ಚು ಶಕ್ತಿಯನ್ನು ಅಳತೆಗೆ ಬೇಡುತ್ತವೆ. ಅದಕ್ಕೇ ಒಂದು ದೂರದಾಚೆ ಸಂಖ್ಯೆ ಬರುತ್ತದೆ, ಉಷ್ಣಾಂಶ ಬರುವುದಿಲ್ಲ. ಅಳತೆ ನಡೆಯುವಷ್ಟು ಹೊತ್ತು ರೀಡರ್‌ನ ಅಲೆ ಕಡಿಯಬಾರದು. ಅಮೆರಿಕದ ನಿಯಮದಂತೆ ಕಂಪನಾಂಕ ಬದಲಿಸುತ್ತ ಸಾಗುವ ರೀಡರ್ ಒಂದು ಚಾನೆಲ್‌ನಲ್ಲಿ ಹೆಚ್ಚೆಂದರೆ 0.4 ಸೆಕೆಂಡು ಇರುತ್ತದೆ. ಬದಲಾಗುವ ಕ್ಷಣ ಅಳತೆಯ ನಡುವೆ ಬಿದ್ದರೆ ಚಿಪ್ ಕಣ್ಣುಮುಚ್ಚಿ ಅಳತೆ ಹಾಳಾಗುತ್ತದೆ. ಅಂಕಿ ದಿನವಿಡೀ ಒಂದಿಷ್ಟೂ ಅಲುಗದೆ ಒಂದೇ ಇದ್ದರೆ ರೀಡರ್ ಹೊಸ ಅಳತೆ ಮಾಡಿಸದೆ ಸ್ಮೃತಿಯಲ್ಲಿದ್ದ ಹಳೆಯದನ್ನೇ ಓದುತ್ತಿದೆಯೇ ಎಂದು ಪರೀಕ್ಷಿಸಿ.

ಅಂಕಿ ಅಲುಗುತ್ತಿದ್ದು ಸುಳ್ಳು ಹೇಳುತ್ತಿದ್ದರೆ ಟ್ಯಾಗನ್ನು ಒಂದೇ ಜಾಗದಲ್ಲಿಟ್ಟು ರೀಡರ್‌ನ ಶಕ್ತಿಯನ್ನು ಮೇಲೆ ಕೆಳಗೆ ಮಾಡಿ. ಶಕ್ತಿಯ ಜೊತೆಗೆ ಉಷ್ಣಾಂಶವೂ ಏರುತ್ತಿದ್ದರೆ ಅದು ವಸ್ತುವಿನ ಉಷ್ಣಾಂಶವಲ್ಲ, ಚಿಪ್‌ಗೆ ಬಿದ್ದ ಅಲೆಯ ಪ್ರಭಾವ. ತೀರ ಹತ್ತಿರದಿಂದ ಪೂರ್ಣ ಶಕ್ತಿಯಲ್ಲಿ ಓದಬೇಡಿ. ಆಂಟೆನಾದ ಶ್ರುತಿ ಬದಲಾಗುವುದನ್ನು ಅಳೆದು ತೇವವನ್ನು ಹೇಳುವ ಟ್ಯಾಗ್‌ಗಳ ಅಂಕಿ ಚಾನೆಲ್‌ನಿಂದ ಚಾನೆಲ್‌ಗೆ ಬದಲಾಗುವುದು ಸಹಜ. ಅವನ್ನು ಒಂದೇ ಚಾನೆಲ್‌ನ ಓದುವಿಕೆಗಳೊಡನೆ ಮಾತ್ರ ಹೋಲಿಸಬೇಕು. ಹಿಂದೆಮುಂದೆ ನೋಡದೆ ಎಲ್ಲ ಚಾನೆಲ್‌ಗಳನ್ನು ಬೆರೆಸಿ ಗೆರೆ ಎಳೆದರೆ, ಒಣ ಗೋಡೆಯೂ ಒದ್ದೆಯಂತೆ ಕಾಣುತ್ತದೆ.

ಬ್ಯಾಟರಿ ನೆರವಿನ ಟ್ಯಾಗ್

ಇಲ್ಲಿ ಮೊದಲ ಅನುಮಾನ ಬ್ಯಾಟರಿಯ ಮೇಲೆ ಹೋಗುವುದು ಸಹಜ. ಆದರೆ ಟ್ಯಾಗ್ ಬಿಚ್ಚದೆಯೇ ಅದನ್ನು ತಿಳಿಯಬಹುದು. ಮೇಲೆ ಹೇಳಿದ ಹೊಸ್ತಿಲ ಪರೀಕ್ಷೆಯನ್ನೇ ಮಾಡಿ, ಹೊಸ್ತಿಲು ರೀಡರ್‌ನ ಕನಿಷ್ಠ ಶಕ್ತಿಗಿಂತ ಕೆಳಗಿದ್ದರೆ ದೂರ ಹೆಚ್ಚಿಸಿ ಅಥವಾ ಕೇಬಲ್ ನಡುವೆ ಅಲೆಯ ಬಲ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಹಲವು ಚಿಪ್‌ಗಳು ಬ್ಯಾಟರಿ ಸತ್ತ ಮೇಲೆ ಬ್ಯಾಟರಿಯಿಲ್ಲದ ಟ್ಯಾಗ್‌ನಂತೆ ಕೆಲಸ ಮುಂದುವರಿಸುತ್ತವೆ. ಹೊಸ ಟ್ಯಾಗ್‌ಗಿಂತ ಹೊಸ್ತಿಲು ಹತ್ತು ಹದಿನೈದು ಡಿಬಿ ಮೇಲೆ ಹೋಗಿದ್ದರೆ ಬ್ಯಾಟರಿಯ ನೆರವು ನಿಂತಿದೆ ಎಂದರ್ಥ. ಹೊಸ್ತಿಲು ಸರಿಯಿದ್ದೂ ದೂರದಿಂದ ಓದದಿದ್ದರೆ ಬ್ಯಾಟರಿಯನ್ನು ಬಿಡಿ, ರೀಡರ್ ಕಡೆ ತಿರುಗಿ.

ರೀಡರ್ ಮಾತಾಡುತ್ತಲೇ ಕೇಳಿಸಿಕೊಳ್ಳಬೇಕು, ಅದೂ ಒಂದೇ ಆಂಟೆನಾದಲ್ಲಿ. ಆಂಟೆನಾದಿಂದ ಹಿಂದಿರುಗುವ ತನ್ನದೇ ಅಲೆ ಅದರ ಕಿವಿಯನ್ನು ಮಂದಗೊಳಿಸುತ್ತದೆ. 30 ಡಿಬಿಎಂ ಕಳುಹಿಸಿದಾಗ ಆಂಟೆನಾ 15 ಡಿಬಿ ಕಡಿಮೆ ಮಾಡಿ ಹಿಂದಿರುಗಿಸಿದರೂ 15 ಡಿಬಿಎಂ ರೀಡರ್‌ನ ಕೇಳಿಸಿಕೊಳ್ಳುವ ಭಾಗದ ಮುಖಕ್ಕೆ ಬಡಿಯುತ್ತದೆ, ಟ್ಯಾಗ್‌ನ ಉತ್ತರವೋ ಮೈನಸ್ 80ರಲ್ಲಿ ಪಿಸುಗುಡುತ್ತಿದೆ. ಆಂಟೆನಾದ ಎದುರಿಗೇ ಲೋಹದ ಬಾಗಿಲು ತೆರೆದು ನಿಂತರೆ, ಆಂಟೆನಾದ ಮುಚ್ಚಳದ ಮೇಲೆ ನೀರು ಹರಿದರೆ, ಈ ಮರಳುವಿಕೆ ಏರುತ್ತದೆ. ಬ್ಯಾಟರಿಯಿಲ್ಲದ ಟ್ಯಾಗ್‌ಗಳು ಇದನ್ನು ತಾಳಿಕೊಳ್ಳುತ್ತವೆ, ಏಕೆಂದರೆ ಬರುವ ದಾರಿಯಲ್ಲಿ ಅವಕ್ಕೆ ಉಳಿಕೆಯಿದೆ. ದೂರದ ಬ್ಯಾಟರಿ ಟ್ಯಾಗ್‌ಗಳು ಮಾತ್ರ ಮಾಯವಾಗುತ್ತವೆ. ಹತ್ತಿರದ ಸಾದಾ ಟ್ಯಾಗ್‌ಗಳೆಲ್ಲ ಚೆನ್ನಾಗಿದ್ದು ದೂರದ ಬ್ಯಾಟರಿ ಟ್ಯಾಗ್‌ಗಳಷ್ಟೇ ಹೋಗಿದ್ದರೆ ಏಣಿ ಹತ್ತಿ ಟ್ಯಾಗ್ ಇಳಿಸಬೇಡಿ, ಆಂಟೆನಾದ ಮುಂದೆ ಹೊಸದಾಗಿ ಏನು ಬಂದಿದೆ ನೋಡಿ. ಪಕ್ಕದ ರೀಡರ್‌ಗಳನ್ನು ಒಂದೊಂದಾಗಿ ಆರಿಸಿ. ಆಗಲೂ ಸರಿಹೋಗದಿದ್ದರೆ ರೀಡರ್‌ನ ಹೊಂದಿಕೆಯಲ್ಲಿ ಟ್ಯಾಗ್ ಉತ್ತರಿಸುವ ಸಂಕೇತಕ್ರಮವನ್ನು ಮಿಲ್ಲರ್ 4 ಅಥವಾ ಮಿಲ್ಲರ್ 8ಕ್ಕೆ ಬದಲಿಸಿ. ವೇಗ ಇಳಿಯುತ್ತದೆ, ಗದ್ದಲದ ನಡುವೆ ಕೇಳುವ ಶಕ್ತಿ ಹೆಚ್ಚುತ್ತದೆ.

ಚಳಿಯಲ್ಲಿ ಮಾತ್ರ ಕಾಡುವ ದೋಷವಿದ್ದರೆ ಬ್ಯಾಟರಿಯ ಮೇಲಿನ ಅನುಮಾನ ನ್ಯಾಯವೇ. ಮುದ್ರಿತ ಸತುವಿನ ತೆಳು ಕೋಶಗಳಲ್ಲಿ ನೀರು ಬೆರೆತ ದ್ರಾವಣ ಇರುವುದರಿಂದ ಶೂನ್ಯಕ್ಕಿಂತ ಕೆಳಗೆ ಅವು ಸೊರಗುತ್ತವೆ. ಅಂಥ ಜಾಗಕ್ಕೆ ಲಿಥಿಯಂ ಕೋಶವೇ ಸರಿ.

ತಾನೇ ಪ್ರಸಾರ ಮಾಡುವ ಸಂವೇದಕ

ಪ್ರತಿಫಲಿಸದೆ ತನ್ನ ಕೋಶದ ಬಲದಿಂದಲೇ ರೇಡಿಯೊ ಸಂದೇಶ ಕಳುಹಿಸುವ ಸಾಧನಗಳಲ್ಲಿ ಮೊದಲು ಕೋಶದ ಲೆಕ್ಕ ನೋಡಬೇಕು. ನಾಣ್ಯದಾಕಾರದ ಸಿಆರ್2032 ಕೋಶದಲ್ಲಿ ಸುಮಾರು 225 ಮಿಲಿಆಂಪ್ ಗಂಟೆ ಇರುತ್ತದೆ. ನಿದ್ದೆಯಲ್ಲಿ, ಅಂದರೆ ಪ್ರಸಾರಗಳ ನಡುವಿನ ಬಿಡುವಿನಲ್ಲಿ, 20 ಮೈಕ್ರೋಆಂಪ್ ಎಳೆಯುವ ಸಾಧನ ಅದನ್ನು 15 ತಿಂಗಳಲ್ಲಿ ಮುಗಿಸುತ್ತದೆ. ವರ್ಷಗಟ್ಟಲೆ ಬರಬೇಕಾದ ಕೋಶ ಬೇಗ ಮುಗಿಯುತ್ತಿದ್ದರೆ ಅಳೆಯಬೇಕಾದದ್ದು ಈ ನಿದ್ದೆಯ ವಿದ್ಯುತ್ತನ್ನು. ಕೋಶದ ಧನ ತುದಿಯಿಂದ, ಕೆಳಮಟ್ಟಕ್ಕೆ ಎಳೆದಿರುವ ಚಿಪ್‌ನ ಪಿನ್ನಿಗೆ ಜೋಡಿಸಿದ 100 ಕಿಲೋಓಂನ ಒಂದೇ ಒಂದು ರೋಧಕ 3 ವೋಲ್ಟ್‌ನಲ್ಲಿ 30 ಮೈಕ್ರೋಆಂಪ್ ಸೋರಿಸುತ್ತದೆ.

ಅಳೆಯುವಾಗ ಮಲ್ಟಿಮೀಟರೇ ದೋಷ ಹುಟ್ಟಿಸುವುದುಂಟು. ಮೈಕ್ರೋಆಂಪ್ ಮಟ್ಟದಲ್ಲಿ ಮೀಟರ್‌ನ ಒಳಗೆ ಸುಮಾರು 100 ಓಂ ರೋಧ ಇರುತ್ತದೆ. ನಿದ್ದೆಯಲ್ಲಿ ಅದು ಲೆಕ್ಕಕ್ಕಿಲ್ಲ. ಸಾಧನ ಎದ್ದು ಪ್ರಸಾರಕ್ಕೆ 20 ಮಿಲಿಆಂಪ್ ಎಳೆದಾಗ ಮೀಟರ್‌ನಲ್ಲೇ 2 ವೋಲ್ಟ್ ಕಳೆಯುತ್ತದೆ, ಸಾಧನಕ್ಕೆ ಉಳಿಯುವುದು 1 ವೋಲ್ಟ್. ಅದು ಮರುಚಾಲನೆಯಾಗುತ್ತದೆ, ಮತ್ತೆ ಪ್ರಸಾರಕ್ಕೆ ಯತ್ನಿಸುತ್ತದೆ, ಮತ್ತೆ ಬೀಳುತ್ತದೆ. ಮೀಟರ್ ದೊಡ್ಡ ಅಂಕಿ ತೋರಿಸುತ್ತದೆ, ನೋಡುವವರು ಸಾಧನವನ್ನು ದೂರುತ್ತಾರೆ. ಇದಕ್ಕಿಂತ ನಂಬಿಕೆಯ ವಿಧಾನ ಕೆಪಾಸಿಟರ್‌ನದು. 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸಾಧನಕ್ಕೆ ಅಡ್ಡಲಾಗಿ ಜೋಡಿಸಿ, ತುಂಬಿಸಿ, ಸಾಧನ ನಿದ್ದೆಗೆ ಹೋದಮೇಲೆ ಕೋಶವನ್ನು ತೆಗೆಯಿರಿ. 50 ಸೆಕೆಂಡಿನಲ್ಲಿ 0.1 ವೋಲ್ಟ್ ಇಳಿದರೆ ವಿದ್ಯುತ್ತು 2 ಮೈಕ್ರೋಆಂಪ್. ಸಾಧನವಿಲ್ಲದೆಯೂ ಒಮ್ಮೆ ಅಳೆದು ಕೆಪಾಸಿಟರ್‌ನ ಮತ್ತು ಮೀಟರ್‌ನ ಸೋರಿಕೆಯನ್ನು ಕಳೆಯಿರಿ.

ಕೋಶವನ್ನು ಬಿಡಿಯಾಗಿ ಅಳೆದು 3 ವೋಲ್ಟ್ ಇದೆ ಎಂದು ಸಮಾಧಾನಪಡಬೇಡಿ. 150 ಓಂ ರೋಧಕವನ್ನು ಕ್ಷಣಕಾಲ ಅಡ್ಡ ಹಿಡಿದು, ಆಗ ವೋಲ್ಟ್ ಎಷ್ಟಕ್ಕೆ ಇಳಿಯಿತು ಎಂದು ನೋಡಿ. ಒಳರೋಧ 60 ಓಂಗೆ ಏರಿದ ಕೋಶದಲ್ಲಿ 15 ಮಿಲಿಆಂಪ್ ಎಳೆದಾಗಲೇ 0.9 ವೋಲ್ಟ್ ಬೀಳುತ್ತದೆ.

ಬೆಳಕಿನಿಂದ ಶಕ್ತಿ ಕೊಯ್ಯುವ ಸಾಧನಗಳ ವಿಶೇಷ ಕಾಯಿಲೆ ಎಂದರೆ, ಕತ್ತಲಲ್ಲಿ ಸತ್ತದ್ದು ಮೊದಲಿನಷ್ಟೇ ಬೆಳಕು ಮರಳಿದರೂ ಏಳದಿರುವುದು. ಬಿಕ್ಯೂ25570ರಂಥ ಚಿಪ್ ಓಡುತ್ತಿರುವಾಗ 100 ಮಿಲಿವೋಲ್ಟ್‌ನಿಂದಲೂ ಶಕ್ತಿ ಪಡೆಯುತ್ತದೆ, ಖಾಲಿಯಾದ ಸ್ಥಿತಿಯಿಂದ ಶುರುವಾಗಲು ಅದಕ್ಕೆ 600 ಮಿಲಿವೋಲ್ಟ್ ಬೇಕು. ಬ್ಯಾಟರಿ ದೀಪವನ್ನು ಹತ್ತಿರ ಹಿಡಿದಾಗ ಎದ್ದು, ಆಮೇಲೆ ಕೋಣೆಯ ಬೆಳಕಲ್ಲೇ ಓಡಿದರೆ ಕಾರಣ ಇದೇ. ಸಂಗ್ರಹ ಪೂರ್ತಿ ಬರಿದಾಗುವ ಮೊದಲೇ ಸಾಧನವನ್ನು ಕಡಿಯುವಂತೆ ಮಿತಿ ಏರಿಸಿ.

ಶೀತಲಗೃಹದಲ್ಲಿ ಇಟ್ಟ ಸಾಧನ ಬಲವಾದ ಅಲೆ ಇದ್ದೂ ಸಂದೇಶ ತಪ್ಪಿಸುತ್ತಿದ್ದರೆ ಗಡಿಯಾರದ ಸ್ಫಟಿಕವನ್ನು ನೆನೆಯಿರಿ. 32.768 ಕಿಲೋಹರ್ಟ್ಸ್ ಸ್ಫಟಿಕ ಮೈನಸ್ 20 ಡಿಗ್ರಿಯಲ್ಲಿ ದಶಲಕ್ಷಕ್ಕೆ ಸುಮಾರು 69 ಭಾಗ ನಿಧಾನವಾಗುತ್ತದೆ, ದಿನಕ್ಕೆ 6 ಸೆಕೆಂಡು. 10 ನಿಮಿಷಕ್ಕೊಮ್ಮೆ ಸಮಯ ಹೊಂದಿಸಿಕೊಳ್ಳುವ ಜಾಲದಲ್ಲಿ ಇದು 41 ಮಿಲಿಸೆಕೆಂಡು. ಕೇಳುವ ಕಿಂಡಿ ಅದಕ್ಕಿಂತ ಕಿರಿದಾಗಿದ್ದರೆ ಸಾಧನ ಪ್ರತಿ ಬಾರಿಯೂ ತಡವಾಗಿ ಬಂದು ಮುಚ್ಚಿದ ಬಾಗಿಲು ಕಾಣುತ್ತದೆ.

ಟ್ಯಾಗೇ ಹಾಳಾಗಿದ್ದರೆ

ಇಷ್ಟೆಲ್ಲ ದಾಟಿ ಬಂದ ಮೇಲೆ ಟ್ಯಾಗನ್ನು ಅನುಮಾನಿಸಬಹುದು. ಚಿಪ್ ಒಂದು ಮಿಲಿಮೀಟರ್‌ಗಿಂತ ಚಿಕ್ಕದು, ವಿದ್ಯುತ್ ಹರಿಸುವ ಅಂಟಿನಿಂದ ಆಂಟೆನಾಕ್ಕೆ ಕೂಡಿರುತ್ತದೆ. ಚಿಪ್ ಇರುವಲ್ಲೇ ಲೇಬಲ್ ಮಡಚಿದರೆ ಆ ಅಂಟು ಬಿರಿಯುತ್ತದೆ. ಲೇಬಲನ್ನು ಮೆಲ್ಲಗೆ ಬಾಗಿಸುತ್ತ ಹೊಸ್ತಿಲು ಅಳೆಯಿರಿ, ಬಾಗಿದಂತೆ ಅಂಕಿ ಕುಣಿದರೆ ಬೆಸುಗೆ ಬಿರಿದಿದೆ. ಒಣ ಹವೆಯಲ್ಲಿ ಲೇಬಲ್ ಮುದ್ರಿಸುವಾಗ ಸ್ಥಾಯೀ ವಿದ್ಯುತ್ತು ಚಿಪ್‌ಗಳನ್ನು ಸುಡುವುದೂ ಇದೆ. ಒಂದೇ ಸುರುಳಿಯ ಹಲವು ಟ್ಯಾಗ್‌ಗಳು ಮುದ್ರಣದ ನಂತರವೇ ಸತ್ತಿದ್ದರೆ ಮುದ್ರಕದ ಭೂಸಂಪರ್ಕ ಪರೀಕ್ಷಿಸಿ.

ಆಂಟೆನಾಕ್ಕೆ ಒಂದೆರಡು ಸೆಂಟಿಮೀಟರ್ ಹತ್ತಿರ, ಪೂರ್ಣ ಶಕ್ತಿಯಲ್ಲಿ, ಎಲ್ಲ ಸೆಷನ್‌ಗಳಲ್ಲಿ, ಎರಡೂ ಗುರುತುಗಳಲ್ಲಿ ಕರೆದರೂ ಉತ್ತರವಿಲ್ಲದ ಟ್ಯಾಗನ್ನು ಸತ್ತದ್ದು ಎಂದು ಬರೆಯಬಹುದು. ಅದು ತಾನಾಗಿ ಕೆಟ್ಟಿತೋ, ಯಾರೋ ಕಿಲ್ ಆಜ್ಞೆ ಕಳುಹಿಸಿ ಕೊನೆಗೊಳಿಸಿದರೋ ಎಂಬುದನ್ನು ಹೊರಗಿನಿಂದ ತಿಳಿಯಲಾಗದು, ಏಕೆಂದರೆ ಕಿಲ್ ಆದ ಟ್ಯಾಗ್ ಮತ್ತೆಂದೂ ಉತ್ತರಿಸದಂತೆಯೇ ಮಾನದಂಡ ರೂಪಿತವಾಗಿದೆ. ಅದಕ್ಕೆ ರೀಡರ್‌ನ ಆಜ್ಞೆಗಳ ದಾಖಲೆಯನ್ನೇ ನೋಡಬೇಕು.